ಹಳೆಯ ಕಾರನ್ನು ಮನೆಯಲ್ಲಿಯೇ ದುರಸ್ತಿಗೊಳಿಸಿ ಪುನಃ ರಸ್ತೆಗಿಳಿಸುವುದು: ವಾಹನ ಮಾಲೀಕರ ಮಾಹಿತಿಗಾಗಿ

ರಾಜ್ಯದ ಅನೇಕ ಮನೆಗಳ ಅಂಗಳದಲ್ಲಿ ಹಾಗೂ ಷೆಡ್ಡುಗಳಲ್ಲಿ ಓಡದೆ ನಿಂತಿರುವ ಮಾರುತಿ 800, ಪ್ರೀಮಿಯರ್ ಪದ್ಮಿನಿ ಮತ್ತು ಅಂಬಾಸಿಡರ್ ಕಾರುಗಳನ್ನು ಕಾಣಬಹುದು. ಪದ್ಮಿನಿಯ ತಯಾರಿಕೆ 2001ರ ವೇಳೆಗೆ ನಿಂತಿತು. ಮಾರುತಿ 800 ಮತ್ತು ಅಂಬಾಸಿಡರ್ ಕಾರುಗಳ ತಯಾರಿಕೆ 2014ರಲ್ಲಿ ಕೊನೆಗೊಂಡಿತು. ಇವುಗಳ ಪೈಕಿ ಬಹುಪಾಲು ವಾಹನಗಳು ಮೊದಲ ನೋಂದಣಿಯ 15 ವರ್ಷಗಳ ಅವಧಿಯನ್ನು ಪೂರೈಸಿವೆ. ಇಂತಹ ಕಾರನ್ನು ಸ್ವತಃ ದುರಸ್ತಿಗೊಳಿಸಿ, ಕೆಲವು ಭಾಗಗಳನ್ನು ಉತ್ತಮಪಡಿಸಿ ಪುನಃ ಬಳಸಲು ಇಚ್ಛಿಸುವ ಮಾಲೀಕರು ತಿಳಿದಿರಬೇಕಾದ ಕಾನೂನು ಹಾಗೂ ತಾಂತ್ರಿಕ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

15 ವರ್ಷ ತುಂಬಿದ ಮಾತ್ರಕ್ಕೆ ಸ್ವಂತ ಬಳಕೆಯ ಕಾರನ್ನು ಗುಜರಿಗೆ ಹಾಕಬೇಕೆಂಬ ಭಾವನೆ ಸಾರ್ವಜನಿಕರಲ್ಲಿ ವ್ಯಾಪಕವಾಗಿದೆ. ಇದು ಸರಿಯಲ್ಲ. ದೆಹಲಿ ಮತ್ತು ಸುತ್ತಲಿನ ರಾಷ್ಟ್ರ ರಾಜಧಾನಿ ವಲಯದಲ್ಲಿ ಡೀಸೆಲ್ ವಾಹನಗಳಿಗೆ 10 ವರ್ಷ, ಪೆಟ್ರೋಲ್ ವಾಹನಗಳಿಗೆ 15 ವರ್ಷ ಎಂಬ ಮಿತಿಯು ಅಲ್ಲಿಗೆ ಸಂಬಂಧಿಸಿದ ನ್ಯಾಯಾಲಯದ ಆದೇಶಗಳಿಂದ ಬಂದದ್ದಾಗಿದ್ದು, ಕರ್ನಾಟಕಕ್ಕೆ ಅನ್ವಯಿಸುವುದಿಲ್ಲ. ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 41ರನ್ವಯ ಸಾರಿಗೇತರ ವಾಹನದ ನೋಂದಣಿಯನ್ನು 15 ವರ್ಷಗಳ ನಂತರ ಪ್ರತಿ ಬಾರಿ 5 ವರ್ಷಗಳ ಅವಧಿಗೆ ನವೀಕರಿಸಲು ಅವಕಾಶವಿದೆ. ವಾಹನವು ತಪಾಸಣೆಯಲ್ಲಿ ಯೋಗ್ಯವೆಂದು ಕಂಡುಬರಬೇಕು, ಅಷ್ಟೆ.

ಬಿಚ್ಚುವ ಮೊದಲು ದಾಖಲೆ ನೋಡತಕ್ಕದ್ದು

ಸಾಮಾನ್ಯವಾಗಿ ಮಾಲೀಕರು ಮೊದಲು ಇಂಜಿನ್ ಇಳಿಸುತ್ತಾರೆ, ನಂತರ ಬಣ್ಣ ತೆಗೆಸುತ್ತಾರೆ, ಎಲ್ಲವೂ ಮುಗಿದ ಮೇಲೆ ನೋಂದಣಿ ಪ್ರಮಾಣ ಪತ್ರವನ್ನು ಹುಡುಕುತ್ತಾರೆ. ಈ ಕ್ರಮವು ತಿರುಗುಮುರುಗಾದುದು. ನವೀಕರಣದ ಅರ್ಜಿಯನ್ನು ನಮೂನೆ 25ರಲ್ಲಿ, ಅವಧಿ ಮುಗಿಯುವ ದಿನಕ್ಕೆ 60 ದಿನಗಳ ಒಳಗಿನ ಕಾಲದಲ್ಲಿ ಸಲ್ಲಿಸಬಹುದಾಗಿದೆ. ಅವಧಿ ಮೀರಿದ ನಂತರ ಅರ್ಜಿ ಸಲ್ಲಿಸಿದಲ್ಲಿ, ಕಾರುಗಳಿಗೆ ವಿಳಂಬದ ಪ್ರತಿ ತಿಂಗಳಿಗೆ ಅಥವಾ ಅದರ ಭಾಗಕ್ಕೆ ರೂ. 500ರಂತೆ ಹೆಚ್ಚುವರಿ ಶುಲ್ಕ ಸೇರುತ್ತದೆ. ಮನೆಯಲ್ಲಿ ಬಿಡುವಿನ ವೇಳೆಯಲ್ಲಿ ನಡೆಯುವ ಇಂತಹ ಕೆಲಸ ಎರಡು ವರ್ಷ ಹಿಡಿಯುವುದು ಅಪರೂಪವೇನಲ್ಲ; ಆ ಎರಡು ವರ್ಷಕ್ಕೆ ವಿಳಂಬ ಶುಲ್ಕವೊಂದೇ ರೂ. 12,000 ಆಗುತ್ತದೆ.

ಮೂಲ ಶುಲ್ಕವೂ ಹಿಂದಿನಂತಿಲ್ಲ. ಕಾರುಗಳ ನೋಂದಣಿ ನವೀಕರಣಕ್ಕೆ ಇದ್ದ ರೂ. 600 ಶುಲ್ಕವು 2022ರ ಏಪ್ರಿಲ್ 1ರಿಂದ ರೂ. 5,000ಕ್ಕೆ ಏರಿತು. 2025ರ ಆಗಸ್ಟ್ ತಿಂಗಳ ತಿದ್ದುಪಡಿಯಿಂದ 20 ವರ್ಷ ಮೀರಿದ ಕಾರುಗಳಿಗೆ ರೂ. 10,000 ನಿಗದಿಯಾಯಿತು. ಇದರ ಜೊತೆಗೆ ರಾಜ್ಯದ ತೆರಿಗೆ ಕಾನೂನಿನಂತೆ ಹಸಿರು ತೆರಿಗೆ ಸಲ್ಲಿಸಬೇಕು. ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ದರವನ್ನು ಪರಿವಾಹನ್ ಜಾಲತಾಣದಲ್ಲಿ ಪರಿಶೀಲಿಸಿಕೊಳ್ಳುವುದು ಸೂಕ್ತ.

ಆದ್ದರಿಂದ ನೋಂದಣಿಯ ಅವಧಿ ಇನ್ನೂ ಕೆಲವು ತಿಂಗಳು ಉಳಿದಿದ್ದಲ್ಲಿ, ಬ್ರೇಕ್, ದೀಪ, ಟೈರ್, ಸ್ಟೀರಿಂಗ್ ಮತ್ತು ಹೊಗೆಗೆ ಸಂಬಂಧಿಸಿದ ಕೆಲಸವನ್ನು ಮಾತ್ರ ಮೊದಲು ಮುಗಿಸಿ, ನವೀಕರಣ ಪಡೆದು, ಆನಂತರ ಬಾಡಿ ಮತ್ತು ಬಣ್ಣದ ಕೆಲಸಕ್ಕೆ ಕೈ ಹಾಕುವುದು ಜಾಣತನ. ಅಂದಗೆಟ್ಟ ಕಾರು ತಪಾಸಣೆಯಲ್ಲಿ ತೇರ್ಗಡೆಯಾಗಬಹುದು. ಬ್ರೇಕ್ ಹಿಡಿಯದ ಅಂದದ ಕಾರು ತೇರ್ಗಡೆಯಾಗುವುದಿಲ್ಲ.

ವಾಹನವು ಅರ್ಜಿದಾರರ ಹೆಸರಿನಲ್ಲಿಯೇ ಇರತಕ್ಕದ್ದು. ತಂದೆಯವರ ಅಥವಾ ಅಜ್ಜನವರ ಕಾರನ್ನು ಮೊಮ್ಮಕ್ಕಳು ದುರಸ್ತಿಗೊಳಿಸುವ ಸಂದರ್ಭಗಳಲ್ಲಿ ಈ ಅಂಶವೇ ಹೆಚ್ಚಾಗಿ ತೊಡಕಾಗುತ್ತದೆ. ನೋಂದಾಯಿತ ಮಾಲೀಕರು ಮರಣ ಹೊಂದಿದ 30 ದಿನಗಳೊಳಗೆ ವಾರಸುದಾರರು ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕೆಂಬುದು ನಿಯಮ. ವರ್ಷಗಳೇ ಕಳೆದಿದ್ದಲ್ಲಿ, ಬಿಡಿಭಾಗಗಳಿಗೆ ಹಣ ಹಾಕುವ ಮುನ್ನ ಇತರ ವಾರಸುದಾರರ ಒಪ್ಪಿಗೆ ಪಡೆದು ಈ ಕೆಲಸ ಮುಗಿಸಿಕೊಳ್ಳತಕ್ಕದ್ದು. ಖರೀದಿಸಿದ ಕಾರಾಗಿದ್ದಲ್ಲಿ ನಮೂನೆ 29 ಮತ್ತು 30, ಅನ್ಯರಾಜ್ಯದ ಕಾರಾಗಿದ್ದಲ್ಲಿ ನಿರಾಕ್ಷೇಪಣಾ ಪತ್ರ ಅಗತ್ಯ. ಕಡಿಮೆ ಬೆಲೆಗೆ ದೊರೆಯಿತೆಂದು ನಿರಾಕ್ಷೇಪಣಾ ಪತ್ರವಿಲ್ಲದ ಕಾರನ್ನು ದೂರದ ಊರಿನಿಂದ ತಂದವರು ಅದನ್ನು ಎಷ್ಟೇ ಚೆನ್ನಾಗಿ ದುರಸ್ತಿ ಮಾಡಿದರೂ ರಸ್ತೆಗಿಳಿಸಲಾರರು.

ಚಾಸಿಸ್ ಸಂಖ್ಯೆಯ ರಕ್ಷಣೆ

ಈ ವಿಷಯಕ್ಕೆ ವಿಶೇಷ ಗಮನ ನೀಡಬೇಕಾಗಿದೆ. ತಪಾಸಣೆಯ ವೇಳೆ ಮೋಟಾರು ವಾಹನ ನಿರೀಕ್ಷಕರು ಚಾಸಿಸ್ ಮತ್ತು ಇಂಜಿನ್ ಸಂಖ್ಯೆಗಳನ್ನು ನೋಂದಣಿ ಪತ್ರದೊಂದಿಗೆ ಹೋಲಿಸಿ ನೋಡುತ್ತಾರೆ. ಚಾಸಿಸ್ ಸಂಖ್ಯೆಯ ಪೆನ್ಸಿಲ್ ಅಚ್ಚನ್ನು ಅರ್ಜಿಯೊಂದಿಗೆ ಪಡೆಯಲಾಗುತ್ತದೆ. ತುಕ್ಕು ತೆಗೆಯುವ ಭರದಲ್ಲಿ ಗ್ರೈಂಡರ್ ಓಡಿಸಿ ಈ ಅಕ್ಷರಗಳನ್ನು ಸವೆಸುವುದು, ಅದರ ಮೇಲೆ ಪಟ್ಟಿ ಬಳಿಯುವುದು, ತುಕ್ಕು ಹಿಡಿದ ತಗಡಿನೊಂದಿಗೆ ಆ ಭಾಗವನ್ನೇ ಕತ್ತರಿಸಿ ಹಾಕುವುದು ಮನೆಯ ದುರಸ್ತಿಗಳಲ್ಲಿ ಆಗುವ ಅತ್ಯಂತ ದುಬಾರಿ ತಪ್ಪು. ಬ್ರೇಕ್, ಇಂಜಿನ್, ಬಾಗಿಲು ಯಾವುದನ್ನಾದರೂ ಪುನಃ ಸರಿಪಡಿಸಬಹುದು. ಸಂಖ್ಯೆ ಕಳೆದುಕೊಂಡ ಕಾರು ಮಾತ್ರ ಕಳವಿನ ಸಂಶಯಕ್ಕೆ ಒಳಗಾಗುತ್ತದೆ.

ಕೆಲಸ ಪ್ರಾರಂಭಿಸುವ ಮುನ್ನ ಸಂಖ್ಯೆಯಿರುವ ಸ್ಥಳವನ್ನು ಪತ್ತೆ ಮಾಡಿ, ತಂತಿ ಬ್ರಷ್ ಬಳಸದೆ ಸೀಮೆಎಣ್ಣೆ ಮತ್ತು ಬಟ್ಟೆಯಿಂದ ಸ್ವಚ್ಛಗೊಳಿಸಿ, ಪೆನ್ಸಿಲ್ ಅಚ್ಚು ಮತ್ತು ಛಾಯಾಚಿತ್ರ ತೆಗೆದಿರಿಸಿಕೊಳ್ಳತಕ್ಕದ್ದು. ಬಣ್ಣ ಹೊಡೆಯುವಾಗ ಅಲ್ಲಿ ಟೇಪು ಅಂಟಿಸಿ, ಕೊನೆಯಲ್ಲಿ ತೆಳುವಾದ ಒಂದು ಲೇಪ ಮಾತ್ರ ಕೊಡಬೇಕು. ಮೊದಲೇ ಸಂಖ್ಯೆ ತುಕ್ಕಿನಿಂದ ಮಸುಕಾಗಿದ್ದಲ್ಲಿ, ಸ್ವತಃ ಅಥವಾ ಗ್ಯಾರೇಜಿನವರಿಂದ ಮರು ಅಚ್ಚೊತ್ತಿಸದೆ, ಇದ್ದ ಸ್ಥಿತಿಯಲ್ಲಿಯೇ ಪ್ರಾದೇಶಿಕ ಸಾರಿಗೆ ಕಚೇರಿಗೆ ಲಿಖಿತವಾಗಿ ತಿಳಿಸಿ ಅನುಮತಿ ಪಡೆಯುವುದು ಕಡ್ಡಾಯ.

ದುರಸ್ತಿ ಯಾವುದು, ಮಾರ್ಪಾಡು ಯಾವುದು

ಅಧಿನಿಯಮದ ಕಲಂ 52ರ ಪ್ರಕಾರ, ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ವಾಹನದ ಮೂಲ ಲಕ್ಷಣವನ್ನು ಬದಲಿಸುವ ರಚನಾತ್ಮಕ ಬದಲಾವಣೆಯನ್ನು ಕಾನೂನು ಮಾರ್ಪಾಡು ಎಂದು ಕರೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿ ಕಾಯ್ದೆಯ ಮೂಲಕ ಬದಲಿಸಲಾದ ಕಲಂ 182ಎ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಆರು ತಿಂಗಳವರೆಗಿನ ಕಾರಾವಾಸ ಅಥವಾ ಎರಡನ್ನೂ ವಿಧಿಸಬಹುದು.

ಹಾಗೆಂದು ಪ್ರತಿಯೊಂದು ಬೋಲ್ಟು ಬದಲಿಸುವುದಕ್ಕೂ ಅನುಮತಿ ಬೇಕೆಂದು ಅಂಜಬೇಕಾಗಿಲ್ಲ. ಇಂಜಿನ್ನಿನ ಪಿಸ್ಟನ್ ಮತ್ತು ಬೇರಿಂಗ್ ಬದಲಾವಣೆ, ಕ್ಲಚ್ಚು, ತುಕ್ಕು ಹಿಡಿದ ನೆಲದ ತಗಡಿಗೆ ಅದೇ ಆಕಾರದ ತಗಡು ಬೆಸೆಯುವುದು, ಮೂಲ ಬಣ್ಣವನ್ನೇ ಮತ್ತೆ ಹೊಡೆಯುವುದು ಇವೆಲ್ಲ ದುರಸ್ತಿಯೇ. ಪದ್ಮಿನಿಯ ಪಾಯಿಂಟುಗಳ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್, ಹಳೆಯ ಡೈನಮೋ ಬದಲು ಆಲ್ಟರ್ನೇಟರ್, ಹೆಡ್‌ಲೈಟಿನ ತಂತಿಗಳಿಗೆ ರಿಲೇ ಅಳವಡಿಕೆ ಮುಂತಾದ ಸುಧಾರಣೆಗಳು ನೋಂದಣಿ ಪತ್ರದ ಯಾವ ವಿವರವನ್ನೂ ಬದಲಿಸುವುದಿಲ್ಲ. ಸೀಟ್ ಬೆಲ್ಟ್ ಇಲ್ಲದ ಹಳೆಯ ಕಾರಿಗೆ ಗಟ್ಟಿಯಾದ ಆಧಾರಕ್ಕೆ ಬಿಗಿದ ಬೆಲ್ಟ್ ಅಳವಡಿಸುವುದಂತೂ ಎಲ್ಲ ಸುಧಾರಣೆಗಳಿಗಿಂತ ಮೊದಲು ಮಾಡಬೇಕಾದ ಕೆಲಸ. ದುರದೃಷ್ಟವಶಾತ್ ಅದಕ್ಕಿಂತ ಮೊದಲು ಧ್ವನಿವರ್ಧಕ ಬರುತ್ತದೆ.

ಬೇರೆ ಬಣ್ಣ ಹೊಡೆಸುವುದಾದಲ್ಲಿ, ಬಣ್ಣವು ನೋಂದಣಿ ಪತ್ರದಲ್ಲಿ ನಮೂದಾಗಿರುವುದರಿಂದ, ಮುಂಚಿತವಾಗಿ ಅನುಮತಿ ಪಡೆದು ನಮೂದನ್ನು ಬದಲಿಸಿಕೊಳ್ಳತಕ್ಕದ್ದು. ಇಂಜಿನ್ ಬದಲಿಸಿದಾಗ, ಅದು ಅದೇ ಮಾದರಿಯ ಇಂಜಿನ್ ಆಗಿದ್ದರೂ, ಅನುಮತಿ ಮತ್ತು ಹೊಸ ಇಂಜಿನ್ ಸಂಖ್ಯೆಯ ನಮೂದು ಅಗತ್ಯ. ಇಂಜಿನ್ ಖರೀದಿಯ ರಸೀದಿಯನ್ನು ಕಾಯ್ದಿರಿಸಬೇಕು. 1089 ಸಿಸಿ ಪದ್ಮಿನಿಗೆ ಬೇರೆ ಕಂಪನಿಯ ಡೀಸೆಲ್ ಇಂಜಿನ್ ಕೂರಿಸುವುದು, ಮೇಲ್ಛಾವಣಿ ಕತ್ತರಿಸಿ ತೆರೆದ ಕಾರು ಮಾಡುವುದು, ಬಹುಸ್ವರದ ಹಾರ್ನು, ಸದ್ದಡಗಿಸದ ಸೈಲೆನ್ಸರ್ ಇವುಗಳಿಗೆ ಅವಕಾಶವಿಲ್ಲ. ಗಾಜುಗಳಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿಷೇಧಿಸಿತು.

ಸಿ.ಎನ್.ಜಿ., ಎಲ್.ಪಿ.ಜಿ. ಅಥವಾ ಬ್ಯಾಟರಿ ಚಾಲನೆಗೆ ಪರಿವರ್ತಿಸಲು ಕಲಂ 52ರ ಪರಂತುಕವು ಅವಕಾಶ ನೀಡುತ್ತದೆ. ಆದರೆ ಪರಿವರ್ತನಾ ಕಿಟ್ ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯಿಂದ ಆ ವರ್ಗದ ವಾಹನಕ್ಕೆ ಅನುಮೋದಿತವಾಗಿರಬೇಕು ಹಾಗೂ ಅಧಿಕೃತ ಅಳವಡಿಕೆದಾರರಿಂದಲೇ ಜೋಡಣೆಯಾಗಬೇಕು. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಸಿ.ಎನ್.ಜಿ. ಸಿಲಿಂಡರನ್ನು ಪ್ರತಿ ಮೂರು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಳಪಡಿಸಬೇಕಾಗುತ್ತದೆ.

ಮನೆಯಲ್ಲಿ ಕೆಲಸ ಮಾಡುವಾಗ

ಜಾಕ್ ಒಂದರ ಮೇಲೆ ನಿಂತ ಕಾರಿನ ಅಡಿಯಲ್ಲಿ ಯಾರೂ ಮಲಗತಕ್ಕದ್ದಲ್ಲ. ಸಮತಟ್ಟಾದ ಗಟ್ಟಿ ನೆಲದಲ್ಲಿ ಲೋಹದ ಸ್ಟ್ಯಾಂಡುಗಳನ್ನು ಬಳಸಬೇಕು. ಇಟ್ಟಿಗೆ ಮತ್ತು ಸಿಮೆಂಟ್ ಬ್ಲಾಕುಗಳು ಯಾವ ಸೂಚನೆಯೂ ಇಲ್ಲದೆ ಒಡೆಯುತ್ತವೆ. ಖಾಲಿಯೆಂದು ಕಾಣುವ ಪೆಟ್ರೋಲ್ ಟ್ಯಾಂಕಿನಲ್ಲಿ ಉಳಿದ ಆವಿಯು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿಯಾದುದರಿಂದ ಅದನ್ನು ಮನೆಯಲ್ಲಿ ಬೆಸೆಯಲೇಬಾರದು. ಹಳೆಯ ಬ್ರೇಕ್ ಲೈನಿಂಗ್‌ಗಳಲ್ಲಿ ಕಲ್ನಾರು ಇರುವ ಸಂಭವವಿದ್ದು, ಡ್ರಮ್ಮಿನೊಳಗಿನ ಧೂಳನ್ನು ಗಾಳಿ ಹಾಯಿಸಿ ಊದದೆ ಒದ್ದೆ ಬಟ್ಟೆಯಿಂದ ತೆಗೆಯಬೇಕು.

ವರ್ಷಗಟ್ಟಲೆ ನಿಂತ ಕಾರಿನಲ್ಲಿ ಇಂಜಿನ್ನಿಗಿಂತ ಮೊದಲು ಕೆಡುವುದು ರಬ್ಬರು. ಬ್ರೇಕ್ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಮಾಸ್ಟರ್ ಸಿಲಿಂಡರ್ ಮತ್ತು ಚಕ್ರದ ಸಿಲಿಂಡರುಗಳ ಒಳಗೋಡೆ ತುಕ್ಕು ಹಿಡಿಯುತ್ತದೆ; ಪೆಡಲ್ ಗಟ್ಟಿಯಾಗಿದೆ ಎಂದ ಮಾತ್ರಕ್ಕೆ ಅವುಗಳನ್ನು ನಂಬುವಂತಿಲ್ಲ. ದ್ರವ, ವಾಷರುಗಳು ಮತ್ತು ಬ್ರೇಕಿನ ಮೆತುಕೊಳವೆಗಳನ್ನು ಒಟ್ಟಿಗೆ ಬದಲಿಸುವುದು ಒಳಿತು. 2025ರಿಂದ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ದೇಶದಾದ್ಯಂತ ಬಂದಿರುವುದರಿಂದ, ಕಾರ್ಬ್ಯುರೇಟರಿನ ಗ್ಯಾಸ್ಕೆಟ್ಟುಗಳು ಮತ್ತು ಇಂಧನ ಕೊಳವೆಗಳನ್ನು ಎಥನಾಲ್ ತಾಳುವ ಬಗೆಯವುಗಳಿಗೆ ಬದಲಿಸತಕ್ಕದ್ದು. ಬಿರುಕು ಬಿಟ್ಟ ಕೊಳವೆಯಿಂದ ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಮಾರುತಿ 800ರ 796 ಸಿಸಿ ಇಂಜಿನ್ನಿನಲ್ಲಿ ರಬ್ಬರಿನ ಟೈಮಿಂಗ್ ಬೆಲ್ಟ್ ಇದ್ದು, ನಿಂತ ಕಾರಿನಲ್ಲಿ ಅದೂ ಹಳತಾಗಿರುತ್ತದೆ. ಪದ್ಮಿನಿಯಲ್ಲಿ ಅದರ ಸ್ಥಾನದಲ್ಲಿ ಸರಪಣಿ ಇದೆ.

ಟೈರಿನ ಪಕ್ಕದ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ಸೂಚಿಸುತ್ತವೆ. 2314 ಎಂದಿದ್ದರೆ 2014ರ 23ನೇ ವಾರ. ಓಡದ ಟೈರು ಸವೆದಿರುವುದಿಲ್ಲ, ಆದರೆ ಬಿರಿದಿರುತ್ತದೆ. ಕರಾವಳಿ ಮತ್ತು ಮಲೆನಾಡಿನ ಕಾರುಗಳಲ್ಲಿ ಕಾಲಿಡುವ ನೆಲ, ಬಾಗಿಲಿನ ಕೆಳಗಿನ ತೊಲೆ ಹಾಗೂ ಸಸ್ಪೆನ್ಷನ್ ಜೋಡಣೆಯಾಗುವ ಸ್ಥಳಗಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಬೇಕು. ಮಾರುತಿ 800ರಲ್ಲಿ ಪ್ರತ್ಯೇಕ ಚೌಕಟ್ಟು ಇಲ್ಲದೆ ತಗಡಿನ ಬಾಡಿಯೇ ಭಾರ ಹೊರುವುದರಿಂದ ಇಲ್ಲಿನ ತುಕ್ಕು ಬಣ್ಣದ ವಿಷಯವಲ್ಲ.

ಹೊಗೆ ಮತ್ತು ತಪಾಸಣೆ

ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ ನಿಂತಲ್ಲಿ ಇಂಜಿನ್ ಓಡುವಾಗ ಇಂಗಾಲದ ಮಾನಾಕ್ಸೈಡ್ ಶೇಕಡಾ 3, ಹೈಡ್ರೋಕಾರ್ಬನ್ 1500 ಪಿ.ಪಿ.ಎಂ. ಮಿತಿಯಿದೆ. ಭಾರತ್ ಸ್ಟೇಜ್ 2 ಮತ್ತು 3ರ ಕಾರುಗಳಿಗೆ ಇದು ಶೇಕಡಾ 0.5 ಮತ್ತು 750. ಮಾನಾಕ್ಸೈಡ್ ಹೆಚ್ಚಿದ್ದಲ್ಲಿ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅತಿಯಾಗಿ ಬೆರೆಯುತ್ತಿದೆ ಅಥವಾ ಗಾಳಿಯ ಫಿಲ್ಟರ್ ಕಟ್ಟಿದೆ ಎಂದು, ಹೈಡ್ರೋಕಾರ್ಬನ್ ಮಾತ್ರ ಹೆಚ್ಚಿದ್ದಲ್ಲಿ ಪ್ಲಗ್ಗು, ಇಗ್ನಿಷನ್ ಅಥವಾ ವಾಲ್ವ್‌ಗಳಲ್ಲಿ ದೋಷವಿದೆ ಎಂದು ಮೊದಲು ಶಂಕಿಸಬೇಕು. ಇಂಜಿನ್ ಚೆನ್ನಾಗಿ ಬಿಸಿಯಾದ ನಂತರವೇ ಪರೀಕ್ಷೆಗೆ ಒಯ್ಯತಕ್ಕದ್ದು.

ನೋಂದಣಿಯ ಅವಧಿ ಮುಗಿದ ಅಥವಾ ವಿಮೆಯಿಲ್ಲದ ಕಾರನ್ನು ಪ್ರಯೋಗಾರ್ಥವಾಗಿಯೂ ರಸ್ತೆಯಲ್ಲಿ ಓಡಿಸುವಂತಿಲ್ಲ. ಮೂರನೇ ವ್ಯಕ್ತಿಯ ವಿಮೆ ಪಡೆದು, ವಾಹನವನ್ನು ಮತ್ತೊಂದು ವಾಹನದ ಮೇಲೆ ಹೇರಿ ತಪಾಸಣಾ ಸ್ಥಳಕ್ಕೆ ತರಬೇಕು. ನೋಂದಣಿ ಪತ್ರ, ವಿಮೆ, ಹೊಗೆ ತಪಾಸಣಾ ಪ್ರಮಾಣ ಪತ್ರ, ವಿಳಾಸದ ದಾಖಲೆ, ತೆರಿಗೆ ಹಾಗೂ ಶುಲ್ಕ ಪಾವತಿಯ ರಸೀದಿಗಳನ್ನು ಜೊತೆಗಿರಿಸಿಕೊಳ್ಳತಕ್ಕದ್ದು. ಬಾಕಿಯಿರುವ ದಂಡಗಳನ್ನು ಮುಂಚಿತವಾಗಿ ಪಾವತಿಸಿದಲ್ಲಿ ಅಲೆದಾಟ ತಪ್ಪುತ್ತದೆ. ಮಾಡಿಸಿದ ಅನುಮೋದಿತ ಬದಲಾವಣೆಗಳನ್ನು ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸುವುದು ಅಗತ್ಯ.

50 ವರ್ಷ ಮೀರಿದ ಕಾರುಗಳು

ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಚಾಸಿಸ್, ಬಾಡಿ ಹಾಗೂ ಇಂಜಿನ್ ಗಣನೀಯವಾಗಿ ಬದಲಾಗದ ವಾಣಿಜ್ಯೇತರ ಕಾರುಗಳಿಗೆ 2021ರ ಜುಲೈ ತಿಂಗಳ ನಿಯಮಗಳಡಿ ವಿಂಟೇಜ್ ನೋಂದಣಿ ಲಭ್ಯವಿದೆ. ಹೊಸ ನೋಂದಣಿಗೆ ರೂ. 20,000 ಶುಲ್ಕವಿದ್ದು 10 ವರ್ಷ ಊರ್ಜಿತವಾಗಿರುತ್ತದೆ, ಮರುನೋಂದಣಿಗೆ ರೂ. 5,000. ನೋಂದಣಿ ಸಂಖ್ಯೆಯಲ್ಲಿ ವಿಎ ಅಕ್ಷರಗಳು ಇರುತ್ತವೆ. ಆದರೆ ಇಂತಹ ಕಾರನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವಿಕೆ ಮತ್ತು ನಿರ್ವಹಣೆಗೆ ಮಾತ್ರ ರಸ್ತೆಗೆ ತರಬಹುದು. ನಿತ್ಯ ಕಚೇರಿಗೆ ಅಥವಾ ಸಂತೆಗೆ ಓಡಿಸಬಯಸುವವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳುವುದು ಮೇಲು. ಆಧುನಿಕ ಸುಧಾರಣೆಗಳನ್ನು ಅಳವಡಿಸುವ ಮುನ್ನವೇ ಈ ಆಯ್ಕೆಯನ್ನು ತೀರ್ಮಾನಿಸಿಕೊಳ್ಳತಕ್ಕದ್ದು.

2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕವನ್ನು ಕರ್ನಾಟಕದಲ್ಲಿ 2023ರ ಆಗಸ್ಟ್ ಅಧಿಸೂಚನೆಯಿಂದ ಕಡ್ಡಾಯಗೊಳಿಸಲಾಗಿದೆ. ಈ ಫಲಕದ ಬೀಗವು ಒಮ್ಮೆ ತೆಗೆದರೆ ಮುರಿಯುವ ಬಗೆಯದು. ಬಣ್ಣದ ಕೆಲಸ ಬಾಕಿಯಿರುವವರು ಅದನ್ನು ಮುಗಿಸಿಯೇ ಫಲಕ ಅಳವಡಿಕೆಗೆ ದಿನಾಂಕ ಪಡೆಯುವುದು ಅನುಕೂಲಕರ.