ಕೇಬಲ್ ತಪ್ಪಿದರೆ ಡೇಟಾ ಕೆಡುತ್ತದೆಯೇ?

ಪ್ರಶ್ನೆ: ಸರ್ವರ್‌ನಿಂದ ಸ್ಟೋರೇಜ್‌ಗೆ ಎರಡೆರಡು ಕೇಬಲ್ ಹಾಕಿರುತ್ತಾರೆ. ಒಂದು ತಪ್ಪು ಜಾಗಕ್ಕೆ ಹೋದರೆ?
– ಓದುಗರೊಬ್ಬರು, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಡೇಟಾ ಕೆಡಬಹುದು, ಅದೂ ಸದ್ದಿಲ್ಲದೆ. ಒಂದೇ ಸ್ಟೋರೇಜ್‌ನ ಪೋರ್ಟ್‌ಗಳು ಅದಲುಬದಲಾದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಕಿತ್ತ ಕೇಬಲನ್ನು ಪಕ್ಕದ ಬೇರೊಂದು ಸ್ಟೋರೇಜ್‌ಗೆ ಸಿಕ್ಕಿಸಿದಾಗಲೇ ಅಪಾಯ. ಲಿನಕ್ಸ್‌ನಲ್ಲಿ ‘ಎಸ್‌ಡಿಬಿ’ ಎಂಬ ಹಳೆಯ ಹೆಸರೇ ಉಳಿದು, ಅದರ ಹಿಂದಿನ ಡಿಸ್ಕ್ ಬೇರೆಯಾಗಿರಬಹುದು. ಆಗ, ಎರಡೂ ಕೇಬಲ್ ದಾರಿಗಳನ್ನು ಒಂದೇ ಡಿಸ್ಕಿನದೆಂದು ಬಳಸುವ ‘ಮಲ್ಟಿಪಾತ್’ ತಂತ್ರಾಂಶ ಒಂದೇ ಫೈಲಿನ ತುಣುಕುಗಳನ್ನು ಎರಡು ಡಿಸ್ಕಿಗೆ ಹಂಚಿ ಬರೆಯುತ್ತದೆ, ಎರಡೂ ಹಾಳು. ಪ್ರತಿ ಡಿಸ್ಕಿಗೂ ಡಬ್ಲ್ಯುಡಬ್ಲ್ಯುಐಡಿ ಎಂಬ ಗುರುತಿದೆ. ಮಲ್ಟಿಪಾತ್‌ನ ‘ರೀಚೆಕ್ ಡಬ್ಲ್ಯುಡಬ್ಲ್ಯುಐಡಿ’ ಆಯ್ಕೆಯನ್ನು ‘ಯೆಸ್’ ಮಾಡಿದರೆ, ಕಡಿದು ಮರಳಿದ ದಾರಿಯ ಗುರುತನ್ನು ಅದು ಮತ್ತೆ ಓದಿ, ತಾಳೆಯಾಗದಿದ್ದರೆ ಹಳೆಯ ಡಿಸ್ಕಿನ ದಾರಿಯಾಗಿ ಬಳಸುವುದಿಲ್ಲ. ಇದು ತಾನಾಗಿ ಚಾಲೂ ಇರುವುದಿಲ್ಲ, ದಯವಿಟ್ಟು ನೋಡಿಕೊಳ್ಳಿ. ಕೇಬಲ್ಲಿನ ಎರಡೂ ತುದಿಗೆ ಲೇಬಲ್ ಅಂಟಿಸಿ.