ಮಂಡಿಯೂರಿದರೆ ಕಾಣುವ ಕಾಡು

ಮಲೆನಾಡಿನಲ್ಲಿ ಮಳೆ ಹಿಡಿದು ಕೆಲವು ದಿನ ಕಳೆದರೆ ಸಾಕು, ಕೊಳೆತ ದಿಮ್ಮಿ, ತರಗೆಲೆ, ಹುತ್ತಗಳ ಮೇಲೆ ಅಣಬೆಗಳು ತಲೆ ಎತ್ತುತ್ತವೆ. ಕೆಲವು ಅಂಗೈಯಗಲ, ಇನ್ನು ಕೆಲವದರ ಕೊಡೆ ಸಾಸಿವೆ ಕಾಳಿನಷ್ಟು. ಜಲಪಾತದ ಮುಂದೆ ಸೆಲ್ಫಿಗೆ ಓಡುವ ನಾವು ಇವನ್ನು ತುಳಿದುಕೊಂಡೇ ಹೋಗುತ್ತೇವೆ.

ಆದರೆ ಇಂಥದ್ದೊಂದು ಪುಟ್ಟ ಅಣಬೆಯ ಫೋಟೊ ವಿಜ್ಞಾನಿಗಳನ್ನೇ ಬೆರಗಾಗಿಸಿದೆ. 2023ರ ಜೂನ್‌ನಲ್ಲಿ ಕುದುರೆಮುಖದ ತಪ್ಪಲಲ್ಲಿ, ಕಾರ್ಕಳದ ಬಳಿ ಕಪ್ಪೆ ನೋಡಲು ಹೋದ ತಂಡವೊಂದಕ್ಕೆ, ಕಪ್ಪೆಯೊಂದರ ಪಕ್ಕೆಯಲ್ಲಿ ಅಣಬೆ ಬೆಳೆದಿದ್ದು ಕಂಡಿತು. ಅವರು ಕಪ್ಪೆಯನ್ನು ಹಿಡಿದೊಯ್ಯಲಿಲ್ಲ, ಫೋಟೊ ತೆಗೆದರು ಅಷ್ಟೆ. ಚಿತ್ರ ನೋಡಿದ ತಜ್ಞರು ಅದು ಸಾಮಾನ್ಯವಾಗಿ ಕೊಳೆತ ಮರದ ಮೇಲೆ ಬೆಳೆಯುವ ಮೈಸಿನಾ ಕುಲದ ಅಣಬೆ ಎಂದು ಗುರುತಿಸಿದರು. 2024ರ ಆರಂಭದಲ್ಲಿ ಅದು ಜಗತ್ತಿನಾದ್ಯಂತ ಸುದ್ದಿಯಾಯಿತು. ಇವತ್ತಿಗೂ ಅದಕ್ಕಿರುವ ಸಾಕ್ಷಿ ಆ ಫೋಟೊ ಮಾತ್ರ.

ನಾವು ಅಣಬೆ ಎನ್ನುವುದು ಮಣ್ಣು, ಮರದೊಳಗೆ ನೂಲಿನಂತೆ ಹರಡಿರುವ ಶಿಲೀಂಧ್ರದ 'ಹಣ್ಣು'. ಸತ್ತ ಮರ, ಎಲೆಗಳನ್ನು ಕರಗಿಸಿ ಮಣ್ಣಿಗೆ ಮರಳಿಸುವ ಕೆಲಸ ಒಳಗೊಳಗೇ ನಡೆಯುತ್ತಿರುತ್ತದೆ. ಹೊರಗೆ ಕಾಣುವ ಪುಟಾಣಿ ಕೊಡೆಗಳಲ್ಲಿ ಎಷ್ಟೋ ಒಂದೆರಡು ದಿನದಲ್ಲೇ ಮುದುಡಿಹೋಗುತ್ತವೆ. ಇಂದು ಕಂಡಿದ್ದನ್ನು ಇಂದೇ ಕ್ಲಿಕ್ಕಿಸಬೇಕು.

ಇದಕ್ಕೆ ದುಬಾರಿ ಕ್ಯಾಮೆರಾವೇ ಬೇಕೆಂದಿಲ್ಲ. ಮೊಬೈಲ್‌ಗೆ ಸಿಕ್ಕಿಸುವ ಪುಟ್ಟ ಮ್ಯಾಕ್ರೋ ಲೆನ್ಸ್ ಸಾಕು. ಮೇಲಿನಿಂದ ಬಗ್ಗಿ ತೆಗೆದರೆ ಬರೀ ಚುಕ್ಕೆ ಕಾಣುತ್ತದೆ. ನೆಲಕ್ಕೆ ಮೈಚಾಚಿ, ಲೆನ್ಸನ್ನು ಅಣಬೆಯ ಎತ್ತರಕ್ಕೇ ಇಳಿಸಬೇಕು. ಇಷ್ಟು ಹತ್ತಿರದಲ್ಲಿ ಫೋಕಸ್ ಸಿಗುವುದು ಕೆಲವೇ ಮಿಲಿಮೀಟರ್‌ನಷ್ಟು. ಉಸಿರಾಡಿದರೂ ಚಿತ್ರ ಅಲುಗುತ್ತದೆ. ಮೊಬೈಲನ್ನು ಅಕ್ಕಿ ತುಂಬಿದ ಬಟ್ಟೆಚೀಲದ ಮೇಲಿಟ್ಟು, 2 ಸೆಕೆಂಡ್ ಟೈಮರ್ ಹಾಕಿ. ಫ್ಲ್ಯಾಷ್ ಬೇಡ, ಒದ್ದೆ ಕೊಡೆ ಬಿಳಿಚಿಕೊಳ್ಳುತ್ತದೆ. ಪಕ್ಕದಲ್ಲಿ ಬಿಳಿ ಕಾಗದ ಹಿಡಿದರೆ ನೆರಳಿನ ಭಾಗಕ್ಕೂ ಬೆಳಕು ಬೀಳುತ್ತದೆ. ಇಂಬಳ ಕಾಲಿಗೆ ಹತ್ತುವುದಂತೂ ಖಚಿತ!

ಚಿತ್ರ ಚೆಂದ ಬಂದರಷ್ಟೇ ಸಾಲದು. ಕೊಡೆಯ ಮೇಲ್ಭಾಗ, ಅಡಿಯ ಗೆರೆಗಳು, ಕಾಂಡ, ಅದು ಬೆಳೆದ ಜಾಗ ನಾಲ್ಕನ್ನೂ ತೆಗೆಯಿರಿ. ಅಡಿಭಾಗ ನೋಡಲು ಕೀಳಬೇಕಿಲ್ಲ, ಪುಟ್ಟ ಕನ್ನಡಿ ಇಟ್ಟರೆ ಸಾಕು. ಗಾತ್ರ ತಿಳಿಯಲು ಪಕ್ಕದಲ್ಲೊಂದು ನಾಣ್ಯ ಇರಲಿ. ದಿನಾಂಕ, ಸ್ಥಳದ ಜತೆ ಐನ್ಯಾಚುರಲಿಸ್ಟ್‌ನಲ್ಲಿ ಹಾಕಿದರೆ ಬಲ್ಲವರು ಗುರುತಿಸಲು ನೆರವಾಗುತ್ತಾರೆ. ಬಯಾಲಜಿ ಓದುವವರಿಗೆ ಇದು ಒಳ್ಳೆಯ ಪ್ರಾಜೆಕ್ಟ್ ಕೂಡ ಆದೀತು. ಆದರೆ ಎಷ್ಟೋ ಅಣಬೆಗಳನ್ನು ಖಚಿತಪಡಿಸಲು ಸೂಕ್ಷ್ಮದರ್ಶಕವೇ ಬೇಕು. ಹೀಗಾಗಿ ಫೋಟೊ ಅಥವಾ ಆ್ಯಪ್ ನಂಬಿ ಯಾವುದನ್ನೂ ಬಾಯಿಗಿಡಬೇಡಿ. ರಕ್ಷಿತಾರಣ್ಯಕ್ಕೆ ಅನುಮತಿ ಇಲ್ಲದೆ ಹೋಗಲೂಬೇಡಿ. ತೋಟದ ಬೇಲಿ, ಕಾಲೇಜಿನ ಹಿಂದಿನ ಮರದ ಬುಡವೂ ನಡೆಯುತ್ತದೆ.

ಇನ್ನೊಂದು ಮಾತು. ಯಾವ ಮಳೆಗೆ ಯಾವ ಹುತ್ತದಲ್ಲಿ ಯಾವ ಅಣಬೆ ಏಳುತ್ತದೆ ಎಂಬುದು ಊರಿನ ಅಜ್ಜಿಯರಿಗೆ ಬಾಯಿಪಾಠ. ತೆಗೆದ ಫೋಟೊವನ್ನು ಅವರಿಗೊಮ್ಮೆ ತೋರಿಸಿ, ಅವರು ಹೇಳುವ ಹೆಸರನ್ನೂ ಬರೆದಿಟ್ಟುಕೊಳ್ಳಿ. ಅಣಬೆ ಮುಂದಿನ ಮಳೆಗೆ ಮತ್ತೆ ಎದ್ದೀತು. ಆ ಹೆಸರು ಅಜ್ಜಿಯೊಂದಿಗೇ ಹೋದರೆ ಮತ್ತೆ ಸಿಗಲಾರದು.