ಎಕ್ಕದ ಗಿಡದ ಚಿಟ್ಟೆ

ರಥಸಪ್ತಮಿಯ ಪ್ರಾತಃಕಾಲದಲ್ಲಿ ಎಕ್ಕದ ಎಲೆಗಳನ್ನು ತಲೆ ಭುಜಗಳ ಮೇಲಿರಿಸಿಕೊಂಡು ಸ್ನಾನಮಾಡುವ ಪದ್ಧತಿಯನ್ನು ತಾವೆಲ್ಲರೂ ಬಲ್ಲಿರಿ. ಆ ಎಲೆಯನ್ನು ಕೀಳುವ ಮುನ್ನ ಅದರ ಕೆಳಮೈಯನ್ನು ನೋಡಿದವರು ಎಷ್ಟು ಮಂದಿ? ಅಲ್ಲಿ ಸಾಸಿವೆಯಷ್ಟು ಕಿರಿದಾದ ಒಂದು ಬಿಳಿಯ ಮೊಟ್ಟೆಯಿರಬಹುದು.

ಇದನ್ನಿಡುವ ಚಿಟ್ಟೆಯ ರೆಕ್ಕೆ ಕಿತ್ತಳೆಯ ಬಣ್ಣದ್ದು. ತುದಿ ಕಪ್ಪು, ಅದರಲ್ಲಿ ಬಿಳಿಯ ಪಟ್ಟೆ. ದಕ್ಷಿಣ ಆಫ್ರಿಕದವರು ಇದನ್ನು ಆಫ್ರಿಕನ್ ಮೊನಾರ್ಕ್ ಎಂದು ಕರೆಯುತ್ತಾರೆ. ನಮ್ಮ ದೇಶದ ಇಂಗ್ಲಿಷ್ ಗ್ರಂಥಗಳಲ್ಲಿ ಇದೇ ಪ್ಲೇನ್ ಟೈಗರ್. ಈಜಿಪ್ತದ ನೆಬಾಮುನ್ ಎಂಬಾತನ ಸಮಾಧಿಯ ಗೋಡೆಯಲ್ಲಿ ಸುಮಾರು 3300 ವರ್ಷಗಳ ಹಿಂದೆ ಬರೆದ ಚಿತ್ರದಲ್ಲಿಯೂ ಇದನ್ನು ಗುರುತಿಸಬಹುದು. ಧಾರವಾಡ ಜಿಲ್ಲೆಯ ಯರಗುಪ್ಪಿಯಂತಹ ಊರುಗಳ ಬಯಲು ಸೀಮೆಗೂ ಇದು ಪರಕೀಯವಲ್ಲ. ದಟ್ಟವಾದ ಕಾಡು ಇದಕ್ಕೆ ಬೇಡ. ಬಿಸಿಲು, ತೆರೆದ ಬಯಲು, ಎಕ್ಕದ ಜಾತಿಯ ಗಿಡಗಳು, ಇಷ್ಟಿದ್ದರೆ ಸಾಕು.

ಕೆಲವು ದಿನಗಳಲ್ಲಿ ಮೊಟ್ಟೆಯೊಡೆದು ಹುಳು ಹೊರಬರುತ್ತದೆ. ಅದರ ಮೈಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಗಳೂ ಮೂರು ಜೊತೆ ಕರಿಯ ಎಳೆಗಳೂ ಉಂಟು. ಎಕ್ಕದ ಹಾಲು ವಿಷವೆಂದು ದನಗಳೂ ಅದರ ಗೊಡವೆಗೆ ಹೋಗುವುದಿಲ್ಲ. ಈ ಹುಳುವಿಗಾದರೋ ಅದೇ ಆಹಾರ. ಆ ವಿಷದ ಅಂಶವು ಅದರ ಮೈಯಲ್ಲಿ ಸೇರಿ, ಪೊರೆಹುಳುವಿನ ಅವಸ್ಥೆಯನ್ನು ದಾಟಿ, ಚಿಟ್ಟೆಗೂ ಬರುತ್ತದೆ. ಒಮ್ಮೆ ಕಚ್ಚಿ ಕಹಿಯನ್ನುಂಡ ಹಕ್ಕಿ ಆ ಬಣ್ಣವನ್ನು ಮರೆಯದು. ಆದುದರಿಂದಲೇ ಈ ಚಿಟ್ಟೆಯು ಭಯವಿಲ್ಲದೆ ಮೆಲ್ಲಮೆಲ್ಲನೆ ಹಾರುತ್ತದೆ. ಎಲ್ಲ ಚಿಟ್ಟೆಗಳಲ್ಲಿಯೂ ವಿಷವು ಸಮನಾಗಿರುವುದಿಲ್ಲ. ಆದರೂ ಬಣ್ಣದ ಕೀರ್ತಿ ಎಲ್ಲವನ್ನೂ ಕಾಪಾಡುತ್ತದೆ. ಈ ಕೀರ್ತಿಯನ್ನು ಕದಿಯುವ ಬೇರೊಂದು ಜಾತಿಯೂ ಉಂಟು. ಅದರ ಗಂಡು ಕರಿಯ ಬಣ್ಣದ್ದು, ಹೆಣ್ಣು ಮಾತ್ರ ಎಕ್ಕದ ಚಿಟ್ಟೆಯ ಪಡಿಯಚ್ಚು. ಇಂತಹ ಅನುಕರಣೆಯ ಮರ್ಮವನ್ನು ಬೇಟ್ಸ್ ಎಂಬ ಆಂಗ್ಲ ಶಾಸ್ತ್ರಜ್ಞನು 1862ರಲ್ಲಿ ವಿವರಿಸಿದನು.

ಪಟ್ಟೆಯ ಹುಳುವನ್ನು ಕಂಡೊಡನೆ ಬೆಳೆಗೆ ಕೇಡೆಂದು ಹೊಸಕಿಹಾಕುವವರುಂಟು. ಎರೆಹೊಲದ ಹತ್ತಿಗಾಗಲಿ, ಜೋಳಕ್ಕಾಗಲಿ, ಮೆಣಸಿನಗಿಡಕ್ಕಾಗಲಿ ಇದು ಬಾಯಿಹಾಕದು. ಬದುವಿನ ಎಕ್ಕವನ್ನೆಲ್ಲ ಕಸವೆಂದು ಬೇರುಸಹಿತ ಕಿತ್ತರೆ ಇದಕ್ಕೆ ಅಲ್ಲಿ ನೆಲೆಯಿಲ್ಲ. ಈ ಚಿಟ್ಟೆ ಇಂದು ವಿರಳವಲ್ಲ, ನಿಜ. ಆದರೆ ಹೂವಿನ ಮೇಲೆ ಕುಳಿತ ಚಿಟ್ಟೆಯನ್ನು ಮೆಚ್ಚುವ ನಾವು, ಅದರ ಮರಿಯನ್ನು ಸಾಕುವ ಕಹಿಯ ಗಿಡವೊಂದನ್ನು ಬೇಲಿಯ ಮೂಲೆಯಲ್ಲಿ ಉಳಿಸಿದರೆ ನಷ್ಟವೇನು? ಮುಂದಿನ ರಥಸಪ್ತಮಿಯಂದು ಎಲೆಯನ್ನು ಒಮ್ಮೆ ತಿರುವಿ ನೋಡಿರಿ. ಮೊಟ್ಟೆಯಿದ್ದರೆ ಅದನ್ನು ಬಿಟ್ಟು, ಪಕ್ಕದ ಎಲೆಯನ್ನು ಕೊಯ್ಯಿರಿ.